ಐಪಿ68 ಸೆನ್ಸರ್ ಪ್ರೆಶರ್ ವಾಷ್ ತಡೆಯುತ್ತದೆಯೇ? ಒಂದು ಸ್ಪಷ್ಟನೆ

ಡೈರಿ, ಬೇಕರಿ ಮೇಂಟೆನೆನ್ಸ್‌ನವರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮಾತು ಓಡಾಡ್ತಿದೆ: "ಐಪಿ68 ಸೆನ್ಸರ್ ಹಾಕಿಬಿಡಿ, ನೀರಲ್ಲಿ ಮುಳುಗಿದರೂ ಏನೂ ಆಗಲ್ಲ. ಅಂದ್ಮೇಲೆ ಪ್ರೆಶರ್ ವಾಷ್ ಯಾವ ಲೆಕ್ಕ?"

ಇದು ತಪ್ಪು. ಐಪಿ ಅಂದರೆ ಧೂಳು, ನೀರು ಒಳಗೆ ಹೋಗದಂತೆ ಉಪಕರಣ ಎಷ್ಟು ತಡೆಯುತ್ತದೆ ಅಂತ ಹೇಳುವ ನಂಬರ್. ಐಪಿ67, ಐಪಿ68 ಎರಡೂ ನಿಂತ ನೀರಲ್ಲಿ ಮುಳುಗಿಸಿ ನೋಡುವ ಪರೀಕ್ಷೆಗಳು. 67 ಅಂದರೆ 1 ಮೀಟರ್ ಆಳ, 30 ನಿಮಿಷ. ನೀರಿನ ಜೆಟ್ ಹೊಡೆತವನ್ನು ಅಲ್ಲಿ ನೋಡುವುದೇ ಇಲ್ಲ. ಅದಕ್ಕೆ ಬೇರೆಯದೇ ಪರೀಕ್ಷೆ ಇದೆ, ಐಪಿ69ಕೆ. 80 ಡಿಗ್ರಿ ಬಿಸಿನೀರು, 80ರಿಂದ 100 ಬಾರ್ ಒತ್ತಡ. ನಳಿಕೆ ಬರೀ 10–15 ಸೆಂ.ಮೀ. ದೂರದಲ್ಲಿ. ನಾಲ್ಕು ಕೋನಗಳಿಂದ ತಲಾ 30 ಸೆಕೆಂಡ್. ಮುಳುಗುವುದು, ಜೆಟ್ ಎರಡನ್ನೂ ತಡೆಯಬೇಕಿದ್ದರೆ ಲೇಬಲ್ ಮೇಲೆ ಎರಡೂ ನಂಬರ್ ಬರೆದಿರಬೇಕು.

ಹಾಗಂತ 69ಕೆ ನೋಡಿ ನಿಶ್ಚಿಂತೆಯಾಗಿ ಇರೋಕೂ ಆಗಲ್ಲ. ಆ ಪರೀಕ್ಷೆ ಬರೀ ನೀರಿಂದು. ನಮ್ಮ ತೊಳೆಯುವ ನೀರಲ್ಲಿ ಕಾಸ್ಟಿಕ್ ಸೋಡಾ, ನೈಟ್ರಿಕ್ ಆಸಿಡ್ ಇರುತ್ತದೆ ಅಲ್ವಾ? ಕೇಬಲ್ ಹೊರಬರುವ ಜಾಗದ ರಬ್ಬರ್ ಸೀಲ್ ಒಮ್ಮೆ ಉಗುರಲ್ಲಿ ಒತ್ತಿ ನೋಡಿ. ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ನೀರು ಒಳಗೆ ಹೋಗುವ ದಾರಿ ಅದೇ. ಬಿಸಿನೀರಲ್ಲಿ ತೊಳೆದ ಕೂಡಲೇ ತಣ್ಣೀರು ಬಿದ್ದರೆ ಒಳಗಿನ ಗಾಳಿ ಕುಗ್ಗಿ ತೇವವನ್ನು ಎಳೆದುಕೊಳ್ಳುತ್ತದೆ.

ಕವಚ 316ಎಲ್ ದರ್ಜೆಯ ಸ್ಟೀಲ್ ಆಗಿದ್ದರೆ ಒಳ್ಳೆಯದು. ಅದರಲ್ಲಿ ಮಾಲಿಬ್ಡಿನಮ್ ಎಂಬ ಲೋಹ ಇರುವುದರಿಂದ ಉಪ್ಪು, ಕ್ಲೋರಿನ್ ಹೊಡೆತವನ್ನು 304 ದರ್ಜೆಯ ಸ್ಟೀಲ್‌ಗಿಂತ ಜಾಸ್ತಿ ತಡೆಯುತ್ತದೆ. ಆದರೆ ಹೊರಗೆ ಕಾಣುವ ಥ್ರೆಡ್‌ನಲ್ಲಿ ಹಾಲಿನ ಕೆನೆ ಕೂತರೆ ಯಾವ ಐಪಿ ನಂಬರೂ ಅದನ್ನು ತೆಗೆಯಲ್ಲ.