ಕಾಣಿಸಬಾರದ ಹಿಡಿ

ಕೈಯಲ್ಲಿ ಹಿಡಿಯಬೇಕಾದ ವಸ್ತುವನ್ನು ಬರೀ ಕಣ್ಣಿನಿಂದ ಆರಿಸುವ ಚಾಳಿ ನಮ್ಮ ಬೆಂಗಳೂರಿನ ಹೊಸ ಮನೆಗಳಲ್ಲಿ ಎಷ್ಟು ಬೆಳೆದಿದೆಯೆಂದರೆ, ಗೃಹಪ್ರವೇಶದ ಊಟ ಮುಗಿಸಿ ಹೊರಡುವ ಹೊತ್ತಿಗೆ ನನಗೆ ಹೋಳಿಗೆಯ ರುಚಿ ಮರೆತುಹೋಗಿ ಬಾಗಿಲಿನ ಮೇಲಿನ ಸಿಟ್ಟಷ್ಟೇ ಉಳಿದಿರುತ್ತದೆ. ನಿನ್ನೆಯೂ ಅದೇ ಆಯಿತು. ಕನಕಪುರ ರಸ್ತೆಯ ಹೊಸ ಫ್ಲ್ಯಾಟಿನಲ್ಲಿ, ಮಲಗುವ ಕೋಣೆಗೆ ಸೇರಿದ ಬಚ್ಚಲಿಗೆ ಹೋದ ನನ್ನ ಚಿಕ್ಕಮ್ಮ ಒಳಗಿನಿಂದ ಸ್ಲೈಡಿಂಗ್ ಬಾಗಿಲನ್ನು ಸರಿಸಲಾರದೆ, "ಎಲ್ಲಿ ಹಿಡ್ಕೋಬೇಕೋ ಇದನ್ನ?" ಎಂದು ಕೂಗಿದರು. ಚಿಲಕ ಹಾಕಿಕೊಂಡಿರಲಿಲ್ಲ, ಪುಣ್ಯ. ಹೊರಗಿನಿಂದ ಬಾಗಿಲು ಸರಿಸಿದ ಅವರ ಮಗ ನಗುತ್ತಲೇ ನನಗೆ ವಿವರಣೆ ಕೊಟ್ಟ: "ಅದು ಕನ್ಸೀಲ್ಡ್ ಹ್ಯಾಂಡಲ್ ಅಕ್ಕ, ಕಾಣಿಸ್ಬಾರ್ದು ಅಂತಾನೇ ಹಾಕ್ಸಿರೋದು."

ಕಾಣಿಸಬಾರದಂತೆ! ಎಪ್ಪತ್ತು ದಾಟಿದ, ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ತಾಯಿ ಇರುವ ಮನೆಯಲ್ಲಿ, ಬಿಳಿ ಬಾಗಿಲಿನ ಗುಳಿಯೊಳಗೆ ಹುದುಗಿಸಿದ ಬಿಳಿಯದೇ ಹಿಡಿ.

ನನ್ನ ಕಸುಬು ನಿಮಗೆಲ್ಲ ಗೊತ್ತಿದೆ. ನೋಯುವ ಕೈಗಳನ್ನು ಮೆಲ್ಲಗೆ ಬಗ್ಗಿಸುತ್ತ, ಚಾಚಿಸುತ್ತ ಬದುಕಿದವಳು ನಾನು. ಆದ್ದರಿಂದ ಯಾವ ಮನೆಗೆ ಹೋದರೂ ಮೊದಲು ನಲ್ಲಿ, ಚಿಲಕ, ಬಾಗಿಲಿನ ಹಿಡಿಗಳ ಕಡೆಗೇ ನನ್ನ ಗಮನ ಹೋಗುತ್ತದೆ. ಹೆಬ್ಬೆರಳ ತುದಿ ಮತ್ತು ತೋರುಬೆರಳ ತುದಿ ಸೇರಿಸಿ ಏನನ್ನಾದರೂ ಚಿವುಟಿ ಹಿಡಿದಾಗ, ತುದಿಯಲ್ಲಿ ಹಾಕಿದ ಬಲದ ಹತ್ತು ಪಟ್ಟಿಗೂ ಹೆಚ್ಚಿನ ಒತ್ತಡ ಹೆಬ್ಬೆರಳ ಬುಡದ ಕೀಲಿನ ಮೇಲೆ ಬೀಳುತ್ತದೆ. ವಯಸ್ಸಾದ ಹೆಂಗಸರಲ್ಲಿ ಸವೆಯುವ ಕೀಲುಗಳಲ್ಲಿ ಇದೂ ಒಂದು. ಇಡೀ ಅಂಗೈ ಸುತ್ತಿ ಹಿಡಿಯುವ ದಪ್ಪನೆಯ ಹಿಡಿಯಲ್ಲಿ ಆ ಭಾರ ಹಂಚಿಹೋಗುತ್ತದೆ, ಬೆರಳ ತುದಿಯಿಂದ ಕೆರೆಯುವ ಹಿಡಿಯಲ್ಲಿ ಹಂಚಿಹೋಗುವುದಿಲ್ಲ.

ಈಗ ಆ ಕೆರೆಯುವ ಹಿಡಿಯ ರಚನೆಯನ್ನೇ ನೋಡೋಣ. ಮನೆಯೊಳಗಿನ ಫ್ಲಶ್ ಬಾಗಿಲಿನ, ಅಂದರೆ ಸಪಾಟು ಮುಖದ ಬಾಗಿಲಿನ, ದಪ್ಪ ಸಾಮಾನ್ಯವಾಗಿ 35 ಮಿಲಿಮೀಟರ್ ಆಸುಪಾಸಿನಲ್ಲಿರುತ್ತದೆ. ಎರಡೂ ಮುಖಗಳಲ್ಲಿ ಎದುರುಬದುರಾಗಿ ಗುಳಿ ಕೊರೆದು ಹಿಡಿ ಕೂರಿಸಬೇಕಾದರೆ, ನಡುವೆ ಒಂದಿಷ್ಟು ಮರ ಉಳಿಯಲೇಬೇಕಾದ್ದರಿಂದ, ಒಂದೊಂದು ಗುಳಿಗೂ 15 ಮಿಲಿಮೀಟರಿಗಿಂತ ಹೆಚ್ಚಿನ ಆಳ ಸಿಗುವುದಿಲ್ಲ. ಅಂಗಡಿಯಲ್ಲಿ ಸಿಗುವ ಬಹುಪಾಲು ಹಿಡಿಗಳಲ್ಲಿ ಅದಕ್ಕಿಂತಲೂ ಕಡಿಮೆ. ಬೆರಳಿನ ಮೊದಲ ಗೆಣ್ಣಿನವರೆಗೂ ಅದು ಮುಟ್ಟುವುದಿಲ್ಲ. ಉಗುರಿನ ಅಂಚನ್ನು ಗುಳಿಯ ಅಂಚಿಗೆ ಕೊಟ್ಟು ಎಳೆಯಬೇಕು. ಎಳೆಯಬೇಕಾದ ಬಾಗಿಲಿನ ತೂಕವೋ? 10 ಮಿಲಿಮೀಟರ್ ದಪ್ಪದ ಗಾಜು ಚದರ ಮೀಟರಿಗೆ 25 ಕಿಲೋ ತೂಗುತ್ತದೆ, ಅಂದರೆ ಏಳಡಿ ಎತ್ತರ, ಮೂರಡಿ ಅಗಲದ ಗಾಜಿನ ಬಾಗಿಲು ಹೆಚ್ಚುಕಡಿಮೆ 49 ಕಿಲೋ. ರೋಲರ್‌ನ ಬೇರಿಂಗ್ ಚೆನ್ನಾಗಿರುವವರೆಗೆ ಅಷ್ಟೂ ತೂಕ ಕೈಗೆ ತಿಳಿಯುವುದಿಲ್ಲ, ನಿಜ. ಆದರೆ ನಿಂತ ಬಾಗಿಲನ್ನು ಮೊದಲ ಬಾರಿಗೆ ಅಲುಗಿಸುವ ಕ್ಷಣದಲ್ಲಿ ತಿಳಿದೇ ತಿಳಿಯುತ್ತದೆ.

ಇಲ್ಲಿ ಇನ್ನೊಂದು ತಮಾಷೆ ಇದೆ. ಬಚ್ಚಲಿನ ಬಾಗಿಲನ್ನು ಮಲಗುವ ಕೋಣೆಯ ಗೋಡೆಗೆ ಒತ್ತಿಕೊಂಡು ಜಾರುವಂತೆ ತೂಗುಹಾಕಿದರೆ, ಕೋಣೆಯ ಕಡೆಯ ಮುಖಕ್ಕೆ ಇಂಗ್ಲಿಷ್ ಡಿ ಅಕ್ಷರದಂತೆ ಹೊರಚಾಚುವ ಡಿ ಹ್ಯಾಂಡಲ್ ಎಷ್ಟು ದೊಡ್ಡದು ಬೇಕಾದರೂ ಹಾಕಬಹುದು, ಏಕೆಂದರೆ ಅದಕ್ಕೆ ಏನೂ ಅಡ್ಡ ಬರುವುದಿಲ್ಲ. ಬಚ್ಚಲಿನ ಕಡೆಯ ಮುಖ ಗೋಡೆಯನ್ನು ಸವರಿಕೊಂಡು ಹೋಗುವುದರಿಂದ ಗುಳಿಯ ಹಿಡಿಯ ಪಾಲು ಅದಕ್ಕೇ ಬರುತ್ತದೆ. ಅಂದರೆ ಒಣ ಕೈಯಿಂದ ಹೊರಗೆ ನಿಂತವರಿಗೆ ಒಳ್ಳೆಯ ಹಿಡಿ, ಸೋಪು ಹತ್ತಿದ ಒದ್ದೆ ಕೈಯಿಂದ ಒಳಗೆ ನಿಂತವರಿಗೆ ಉಗುರಿಗೂ ಸಿಗದ ಗುಳಿ. ಈ ಏರ್ಪಾಡಿಗೆ ಇಂಟೀರಿಯರ್‌ನವರು ಪ್ರತ್ಯೇಕವಾಗಿ ಬಿಲ್ಲು ಮಾಡುತ್ತಾರೆ.

"ಈಗ ಎಲ್ಲದಕ್ಕೂ ಸಾಫ್ಟ್ ಕ್ಲೋಸ್ ಇದೆಯಲ್ಲ ಮೇಡಂ, ಒಂದು ಬೆರಳು ಸಾಕು" ಎಂದು ಶೋರೂಮಿನ ಹುಡುಗ ಹೇಳುತ್ತಾನೆ. ಮುಚ್ಚುವುದಕ್ಕೆ ಸಾಕು, ಒಪ್ಪುತ್ತೇನೆ. ಆದರೆ ಕೊನೆಯಲ್ಲಿ ಬಾಗಿಲನ್ನು ತಾನಾಗಿ ಒಳಗೆಳೆದುಕೊಳ್ಳುವ ಆ ಸ್ಪ್ರಿಂಗನ್ನು, ಬಾಗಿಲು ತೆರೆಯುವವರು ಪ್ರತಿ ಬಾರಿಯೂ ತಮ್ಮ ಕೈಯ ಬಲದಿಂದಲೇ ಮತ್ತೆ ಬಿಗಿಮಾಡಿ ಕೊಡಬೇಕಾಗುತ್ತದೆ. ಹೀಗಾಗಿ ತೆರೆಯುವಾಗಿನ ಮೊದಲ ಕೆಲವು ಅಂಗುಲಗಳೇ ಎಲ್ಲಕ್ಕಿಂತ ಬಿಗಿ, ಬೆರಳಿಗೆ ಹಿಡಿತ ಎಲ್ಲಕ್ಕಿಂತ ಕಡಿಮೆ ಸಿಗುವುದೂ ಅಲ್ಲಿಯೇ. ಗಟ್ಟಿ ಸ್ಪ್ರಿಂಗಿಗೆ ಗಟ್ಟಿ ಹಿಡಿ ಬೇಕೆಂಬ ಲೆಕ್ಕ ಕ್ಯಾಟಲಾಗಿನಲ್ಲಿ ಇರುವುದಿಲ್ಲ. ಮ್ಯಾಟ್ ಬ್ಲ್ಯಾಕ್, ರೋಸ್ ಗೋಲ್ಡ್, ಆಂಟಿಕ್ ಎಂಬ ಬಣ್ಣದ ಪಟ್ಟಿ ಮಾತ್ರ ಪುಟಗಟ್ಟಲೆ ಇರುತ್ತದೆ.

ಸ್ಲೈಡಿಂಗ್ ಬಾಗಿಲಿನ ಮೇಲೆ ನನಗೇನೂ ಹಗೆಯಿಲ್ಲ. ಎರಡೂವರೆ ಅಡಿ ಅಗಲದ ಮಾಮೂಲು ಬಾಗಿಲು ತೆರೆದುಕೊಳ್ಳಲು ಸುಮಾರು ಐದು ಚದರ ಅಡಿ ನೆಲವನ್ನು ನುಂಗುತ್ತದೆ, ಈ ಊರಿನ ಚದರ ಅಡಿಯ ಬೆಲೆಯಲ್ಲಿ ಅದು ಸಣ್ಣ ಮಾತಲ್ಲ. ಜಾರುವ ಬಾಗಿಲಾದರೆ ವಾಕರ್ ಹಿಡಿದು ನಡೆಯುವವರು ಹಿಂದೆ ಸರಿದು ಜಾಗ ಕೊಡಬೇಕಾದ ಕಷ್ಟವಿಲ್ಲ. ಒಳಕ್ಕೆ ತೆರೆಯುವ ಬಾಗಿಲಿನ ಹಿಂದೆ ಯಾರಾದರೂ ಬಿದ್ದರೆ ಅವರ ಮೈಯೇ ಬಾಗಿಲಿಗೆ ಅಡ್ಡವಾಗುತ್ತದೆ, ಜಾರುವ ಬಾಗಿಲಿನಲ್ಲಿ ಆ ಭಯವೂ ಇಲ್ಲ. ವಯಸ್ಸಾದವರ ಬಚ್ಚಲಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ಇಲ್ಲವೆಂದು ನಾನೇ ಹತ್ತಾರು ಜನರಿಗೆ ಹೇಳಿದ್ದೇನೆ. ಅದಕ್ಕೇ ಇನ್ನಷ್ಟು ಸಿಟ್ಟು: ಇಷ್ಟೆಲ್ಲ ಅನುಕೂಲವನ್ನು ಒಂದು ಅಂಗೈಯಗಲದ ಲೋಹ ಹಾಳುಮಾಡುತ್ತದೆ.

ಹಿಡಿ ಹೊರಚಾಚಿದರೆ ಗೋಡೆಗೆ ತಗುಲಿ ಬಾಗಿಲು ಪೂರ್ತಿ ಸರಿಯುವುದಿಲ್ಲ ಎಂಬುದು ಇಂಟೀರಿಯರ್‌ನವರ, ಶೋರೂಮಿನವರ ಬ್ರಹ್ಮಾಸ್ತ್ರ. ಸರಿಯಬೇಕಾಗಿಯೂ ಇಲ್ಲ. ಹಳಿಯೊಳಗಿನ ಸ್ಟಾಪರನ್ನು ಸ್ವಲ್ಪ ಮುಂಚೆ ಕೂರಿಸಿ, ಬಾಗಿಲಿನ ಅಂಚು ಮತ್ತು ಹಿಡಿ ಯಾವಾಗಲೂ ಹೊರಗೇ ನಿಲ್ಲುವಂತೆ ಮಾಡಿದರೆ ನಾಲ್ಕೈದು ಅಂಗುಲ ದಾರಿ ಕಡಿಮೆಯಾಗುತ್ತದೆ, ಅಷ್ಟೆ. ಗೋಡೆ ಕಟ್ಟುವಾಗಲೇ ಆ ನಾಲ್ಕೈದು ಅಂಗುಲ ಹೆಚ್ಚು ಬಿಟ್ಟುಕೊಂಡರೆ ಅದೂ ನಷ್ಟವಲ್ಲ. ಅಮೆರಿಕದ 2010ರ ಅಂಗವಿಕಲಸ್ನೇಹಿ ವಿನ್ಯಾಸದ ಮಾನದಂಡ ಇದನ್ನೇ ನಿಯಮ ಮಾಡಿದೆ: ಸ್ಲೈಡಿಂಗ್ ಬಾಗಿಲು ಪೂರ್ತಿ ತೆರೆದಿರುವಾಗಲೂ ಅದರ ಹಿಡಿ ಎರಡೂ ಕಡೆಯಿಂದ ಕೈಗೆ ಸಿಗುವಂತಿರಬೇಕು, ಬಿಗಿಯಾಗಿ ಹಿಡಿಯುವ, ಚಿವುಟುವ, ಮಣಿಕಟ್ಟು ತಿರುಚುವ ಅಗತ್ಯವಿಲ್ಲದೆ ಒಂದೇ ಕೈಯಿಂದ ಬಳಸುವಂತಿರಬೇಕು, ನೆಲದಿಂದ 34ರಿಂದ 48 ಅಂಗುಲದೊಳಗೆ ಇರಬೇಕು, ಒಳಾಂಗಣದ ಬಾಗಿಲನ್ನು ಸರಿಸಲು 5 ಪೌಂಡಿಗಿಂತ ಹೆಚ್ಚಿನ ಬಲ ಬೇಕಾಗಬಾರದು. ಅದು ಅಲ್ಲಿನ ಸಾರ್ವಜನಿಕ ಕಟ್ಟಡಗಳ ನಿಯಮ, ಕನಕಪುರ ರಸ್ತೆಯ ಫ್ಲ್ಯಾಟಿಗೆ ಅನ್ವಯಿಸುವುದಿಲ್ಲವೆಂದು ಯಾರಾದರೂ ಕಾಮೆಂಟಿನಲ್ಲಿ ಬರೆಯುತ್ತೀರಿ, ಗೊತ್ತು. ಹೆಬ್ಬೆರಳ ಕೀಲು ಎರಡು ದೇಶಗಳಲ್ಲಿ ಎರಡು ಬಗೆಯಾಗಿಲ್ಲ ಎಂಬುದು ನನ್ನ ಉತ್ತರ.

ಇದನ್ನೂ ಹೇಳಿಬಿಡುತ್ತೇನೆ. ಕಳೆದ ಮಳೆಗಾಲದಿಂದ ನನ್ನ ಬಲಗೈ ಹೆಬ್ಬೆರಳ ಬುಡವೂ ನೋಯುತ್ತಿದೆ. ಚಿಕಿತ್ಸೆಗೆ ಬರುವವರಿಗೆ ಹೇಳಿಲ್ಲ, ಮನೆಯಲ್ಲೂ ಹೇಳಿಲ್ಲ. ಆದ್ದರಿಂದ ಈ ಬರಹ ಚಿಕ್ಕಮ್ಮನೊಬ್ಬರ ಪರವಾದ ವಕಾಲತ್ತು ಎಂದು ಭಾವಿಸಬೇಡಿ.

ಉಳಿದ ಸಾಮಾನುಗಳ ಮಾತು ಬೇಗ ಮುಗಿಯುತ್ತದೆ. ನೆಲದಲ್ಲಿ ಹಳಿ ಹಾಕಿಸಿದರೆ ಅದರಲ್ಲಿ ಕೂದಲು, ಧೂಳು ತುಂಬುತ್ತದೆ, ಕಾಲೂ ಎಡವುತ್ತದೆ. ಮೇಲಿನಿಂದ ತೂಗುವ ಹಳಿಯೇ ಒಳ್ಳೆಯದು, ಆದರೆ ಅದನ್ನು ಜಿಪ್ಸಮ್ ಫಾಲ್ಸ್ ಸೀಲಿಂಗಿಗೆ ಕಚ್ಚಿಸದೆ ಕಾಂಕ್ರೀಟಿಗೋ ಗಟ್ಟಿ ಮರದ ಚೌಕಟ್ಟಿಗೋ ಬಿಗಿಸಬೇಕು. ರೋಲರ್ ಜೋಡಿ ಎಷ್ಟು ಕಿಲೋ ಹೊರುತ್ತದೆಂಬುದನ್ನು ಡಬ್ಬಿಯ ಮೇಲೆ ಓದಿ, ಬಾಗಿಲಿನ ತೂಕಕ್ಕಿಂತ ಧಾರಾಳವಾಗಿ ಹೆಚ್ಚಿರುವುದನ್ನೇ ಕೊಳ್ಳಬೇಕು. ಮಾಮೂಲು ಲಾಕಿನ ನೇರ ನಾಲಿಗೆ ಜಾರುವ ಬಾಗಿಲನ್ನು ಹಿಡಿದು ನಿಲ್ಲಿಸುವುದಿಲ್ಲ, ಕೊಕ್ಕೆಯಂತೆ ಬಾಗಿ ಕಚ್ಚುವ ಲಾಕೇ ಬೇಕು; ಬಚ್ಚಲಿಗಾದರೆ ಹೊರಗಿನಿಂದ ನಾಣ್ಯ ಹಾಕಿ ತಿರುಗಿಸಿ ತೆರೆಯುವ ಸೌಲಭ್ಯ ಅದರಲ್ಲಿ ಇರಲೇಬೇಕು.

ಹಿಡಿ ಕೊಳ್ಳಲು ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟಿನ ಅಂಗಡಿಗಳಿಗೆ ಹೋಗುವವರು ಬಡಗಿಯೊಬ್ಬನನ್ನೇ ಕಳುಹಿಸದೆ ಮನೆಯ ಹಿರಿಯರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಹಲಗೆಗೆ ಕೂರಿಸಿದ ಮಾದರಿ ಹಿಡಿಯನ್ನು ಅವರು ಹೆಬ್ಬೆರಳು ಮಡಿಚಿ, ಕೈ ಒದ್ದೆ ಮಾಡಿಕೊಂಡು, ಕಣ್ಣು ಮುಚ್ಚಿ ಎಳೆದು ನೋಡಲಿ. ಅಂಗಡಿಯವರು ವಿಚಿತ್ರವಾಗಿ ನೋಡಿದರೆ ನೋಡಲಿ. ಯಾವ ಬ್ರ್ಯಾಂಡ್ ತಗೊಳ್ಳೋಣ ಎಂದಷ್ಟೇ ಕೇಳಿಕೊಂಡು ನನ್ನ ಇನ್‌ಬಾಕ್ಸಿಗೆ ಬರಬೇಡಿ. ಬಾಗಿಲಿನ ದಪ್ಪ ಎಷ್ಟು, ತೂಕ ಎಷ್ಟು, ಅದು ಯಾವ ಕಡೆಯ ಗೋಡೆಗೆ ಸರಿಯುತ್ತದೆ, ಒಳಗಿನಿಂದ ಅದನ್ನು ತೆರೆಯುವವರ ವಯಸ್ಸೆಷ್ಟು ಎಂಬುದನ್ನು ಬರೆದು ಕಳುಹಿಸಿ, ನೋಡಿ ಹೇಳುತ್ತೇನೆ. ಬಣ್ಣವನ್ನು ನೀವೇ ಆರಿಸಿಕೊಳ್ಳಿ.