ಸ್ಪಷ್ಟನೆ: ಸಿಲಿಕಾನ್ ಆನೋಡ್‌ನಿಂದ ವಾಚ್ ಹತ್ತು ಪಟ್ಟು ಓಡುವುದಿಲ್ಲ

‘ಗ್ರಾಫೈಟ್ ತೆಗೆದು ಸಿಲಿಕಾನ್ ಆನೋಡ್ (ಚಾರ್ಜ್ ಆಗುವಾಗ ಲಿಥಿಯಂ ತುಂಬಿಕೊಳ್ಳುವ ಋಣ ತುದಿ) ಹಾಕಿದ ತೆಳುಪದರದ ಲಿಥಿಯಂ ಬ್ಯಾಟರಿ ಬಂದರೆ ಸ್ಮಾರ್ಟ್‌ವಾಚ್ ಹತ್ತು ಪಟ್ಟು ಜಾಸ್ತಿ ಹೊತ್ತು ಓಡುತ್ತದೆ’ ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು.

ಹತ್ತು ಪಟ್ಟು ಎಂಬುದು ಸುಮ್ನೆ ಹುಟ್ಟಿದ್ದಲ್ಲ. ಒಂದು ಗ್ರಾಂ ಗ್ರಾಫೈಟ್ 372 ಮಿಲಿಆಂಪಿಯರ್-ಗಂಟೆಯಷ್ಟು ವಿದ್ಯುತ್ ಹಿಡಿದರೆ, ಸಿಲಿಕಾನ್ ಸುಮಾರು 3,600 ಹಿಡಿಯುತ್ತದೆ. ಆದರೆ ಎದುರಿಗೆ ಕ್ಯಾಥೋಡ್, ಅಂದರೆ ಬ್ಯಾಟರಿಯ ಧನ ತುದಿ ಕೂಡ ಇದೆ ಅಲ್ವಾ? ಅಲ್ಲಿರುವ ಲಿಥಿಯಂ ಕೋಬಾಲ್ಟ್ ಆಕ್ಸೈಡ್ ಗ್ರಾಂಗೆ 140ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಎರಡನ್ನೂ ಸೇರಿಸಿ ತೂಕದ ಲೆಕ್ಕ ಹಾಕಿದರೆ ಸಿಗುವ ಲಾಭ ಮೂರನೇ ಒಂದು ಪಾಲಿನಷ್ಟು. ಅದೂ ಹೊರಕವಚ, ತಳಹಾಳೆಗಳ ತೂಕ ಬಿಟ್ಟು.

ಇನ್ನೊಂದು ವಿಷಯ. ತೆಳುಪದರದ ಬ್ಯಾಟರಿಯಲ್ಲಿ ಸಾಮಾನ್ಯವಾಗಿ ಗ್ರಾಫೈಟ್ ಇರುವುದೇ ಇಲ್ಲ. 1990ರ ದಶಕದಲ್ಲಿ ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಜಾನ್ ಬೇಟ್ಸ್ ತಂಡ ರೂಪಿಸಿದ ಮಾದರಿಯಲ್ಲಿ ಆನೋಡ್ ಎಂದರೆ ಲಿಥಿಯಂ ಲೋಹವೇ. ಅದರ ಸಾಮರ್ಥ್ಯ ಗ್ರಾಂಗೆ ಸುಮಾರು 3,860. ಸಿಲಿಕಾನ್‌ಗಿಂತ ಕಡಿಮೆಯೇನಲ್ಲ.

ಹಾಗಾದರೆ ತೆಳುಪದರದ ಬ್ಯಾಟರಿಗೆ ಸಿಲಿಕಾನ್, ತವರದ ನೈಟ್ರೈಡ್‌ನಂಥ ಬೇರೆ ಆನೋಡ್ ಯಾಕೆ ಬೇಕು? ಬೆಸುಗೆಗಾಗಿ. ಲಿಥಿಯಂ ಸುಮಾರು 180 ಡಿಗ್ರಿ ಸೆಲ್ಸಿಯಸ್‌ಗೇ ಕರಗಿಬಿಡುತ್ತದೆ. ಸರ್ಕ್ಯೂಟ್ ಬೋರ್ಡ್‌ಗೆ ಬಿಡಿಭಾಗ ಬೆಸೆಯುವ ಒಲೆಯ ಬಿಸಿ 250 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಆ ಬಿಸಿಯನ್ನು ತಡೆಯುವ ಆನೋಡ್ ಬೇಕೆಂದೇ ಈ ಹುಡುಕಾಟ ಶುರುವಾಗಿದ್ದು. ಲಿಥಿಯಂ ತುಂಬಿಕೊಂಡಾಗ ಸಿಲಿಕಾನ್ ಮೂರ್ನಾಲ್ಕು ಪಟ್ಟು ಉಬ್ಬುತ್ತದೆ, ನಿಜ. ದಪ್ಪ ಪದರವಾದರೆ ಬಿರುಕು ಬಿಟ್ಟು ಉದುರುತ್ತದೆ. ಕೆಲವು ನೂರು ನ್ಯಾನೋಮೀಟರ್‌ನ ಪದರ ಮಾತ್ರ ತಳಕ್ಕೆ ಅಂಟಿಕೊಂಡು ಚೆನ್ನಾಗಿ ತಾಳಿಕೊಳ್ಳುತ್ತದೆ.