ಪಂಜೆ ಮಾಸ್ಟ್ರ ಗಾಳಿ, ಹಾವು, ಹೊಳೆ

ಜೂನ್ ಕಾಲಿಟ್ಟದ್ದೇ ತಡ, ಫೇಸ್‌ಬುಕ್ ತುಂಬ ಮಳೆ ಕವಿತೆ. ಒಂದು ಕಿಟಕಿ, ಒಂದು ಲೋಟ ಕಾಫಿ, ಒಂದು ಹಳೇ ಪ್ರೇಮ. ಬರೆಯಲಿ ಬಿಡಿ, ಬೇಡ ಅನ್ನಲು ನಾನ್ಯಾರು. ಆದರೆ ಕರಾವಳಿಯಲ್ಲಿ ಹುಟ್ಟಿ ಬೆಳೆದವನಿಗೆ ಈ ಮಳೆಯ ಮೇಲೆ ಸಣ್ಣ ಗುಮಾನಿ. ಇದರಲ್ಲಿ ಹೆಂಚು ಹಾರುವುದಿಲ್ಲ, ಬಾಳೆ ಮಗುಚುವುದಿಲ್ಲ, ಕರೆಂಟೂ ಹೋಗುವುದಿಲ್ಲ! ಅಂಥ ಹೊತ್ತಿನಲ್ಲಿ ನಾನು ಪಂಜೆ ಮಂಗೇಶರಾಯರ ‘ತೆಂಕಣ ಗಾಳಿಯಾಟ’ವನ್ನು ತೆಗೆದು ಓದುತ್ತೇನೆ. ಗಟ್ಟಿಯಾಗಿ ಓದುತ್ತೇನೆ. ಮನಸ್ಸಿನೊಳಗೇ ಓದಿಕೊಂಡರೆ ಆ ಪದ್ಯದ ಮುಕ್ಕಾಲು ಪಾಲು ನಷ್ಟ.

ಆ ಪದ್ಯದಲ್ಲಿ ಗಾಳಿ ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತದೆ. ದೂರದಲ್ಲಿ ಏನೋ ಬರುತ್ತಿದೆ. ಏನಿರಬಹುದು? ಬುಸುಗುಟ್ಟುವ ಪಾತಾಳದ ಹಾವೋ, ಹಸಿದ ಭೂತದ ಕೂಗೋ, ಯಮನ ಕೋಣವೋ? ತುಳುನಾಡಿನವರಿಗೆ ಭೂತದ ಕೂಗು ಎಂದರೆ ಬರೀ ಉಪಮೆಯಲ್ಲ, ಭೂತಾರಾಧನೆಯ ಕೋಲದ ರಾತ್ರಿ ಗದ್ದೆಯಾಚೆಯಿಂದ ಕೇಳಿದ್ದು. ಚಾಪೆಯ ಮೇಲೆ ಮಲಗಿದ ಮಗು ಕತ್ತಲಲ್ಲಿ ಏನನ್ನು ಊಹಿಸಿಕೊಂಡು ಹೆದರುತ್ತದೋ ಅದನ್ನೇ ಹಿಡಿದು ಪಂಜೆ ಗಾಳಿಯನ್ನು ಕಟ್ಟುತ್ತಾರೆ. ಆಮೇಲೆ ಅದು ಕಡಲಿಗೆ ಉಬ್ಬರ ಎಬ್ಬಿಸುತ್ತದೆ, ಬೊಬ್ಬೆ ಹಾಕುತ್ತದೆ. ಬಕಾರಗಳು ಒಂದರ ಬೆನ್ನಿಗೆ ಒಂದು ಬಂದು ಬಡಿಯುತ್ತವೆ. ಇದಕ್ಕೆ ಬೇರೆ ವಿವರಣೆ ಬೇಕೇ?

ನನ್ನ ತಕರಾರು ಇಷ್ಟೇ. ಪಂಜೆಯವರನ್ನು ‘ಮಕ್ಕಳ ಸಾಹಿತಿ’ ಅಂತ ಒಂದು ಮಣೆ ಹಾಕಿ ಕೂರಿಸಿ ನಾವು ಕೈತೊಳೆದುಕೊಂಡಿದ್ದೇವೆ. ನಿಸರ್ಗ ಕವಿ ಎಂದಾಕ್ಷಣ ಬಾಯಿಗೆ ಬರುವುದು ಕುವೆಂಪು, ಬೇಂದ್ರೆ. ಬರಲಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಅವರಿಬ್ಬರಿಗಿಂತ ಒಂದು ತಲೆಮಾರು ಮೊದಲೇ ಬಂಟ್ವಾಳದ ಒಬ್ಬ ಶಾಲಾ ಮಾಸ್ಟ್ರು ಕನ್ನಡಕ್ಕೆ ಗಾಳಿಯನ್ನೂ ಹೊಳೆಯನ್ನೂ ಹೊಸ ದನಿಯಲ್ಲಿ ತಂದಿದ್ದರು. ಅದೂ ಮಾಸ್ಟ್ರಗಿರಿ ಬಿಟ್ಟು ಕಾಡಿಗೆ ಹೋಗಿ ಅಲ್ಲ, ಮಾಸ್ಟ್ರಗಿರಿಯ ಒಳಗೇ ಇದ್ದುಕೊಂಡು.

ಅವರು ಹುಟ್ಟಿದ್ದು 1874ರ ಫೆಬ್ರವರಿ 22ರಂದು. ಮನೆಮಾತು ಕೊಂಕಣಿ, ಊರಮಾತು ತುಳು, ಅನ್ನದ ಮಾತು ಕನ್ನಡ. ಆಗ ದಕ್ಷಿಣ ಕನ್ನಡ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿತ್ತು. ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾಗಿ ಸೇರಿದರು. ಮುಂದೆ ಶಾಲೆಗಳ ಇನ್ಸ್‌ಪೆಕ್ಟರಿಕೆ, ಶಿಕ್ಷಕರ ತರಬೇತಿ ಶಾಲೆ, ಕೊನೆಗೆ ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನ ಹೆಡ್‌ಮಾಸ್ಟರಿಕೆ. ಕನ್ನಡದ ಮೊದಲ ಸಣ್ಣಕಥೆಗಳ ಮಾತು ಬಂದಾಗ ಅವರ ‘ನನ್ನ ಚಿಕ್ಕತಾಯಿ’ಯ ಹೆಸರೂ ಬರುತ್ತದೆ. ತುಳುವಿನ ಜನಪದ ಕಥನಗೀತೆಯಾದ ಪಾಡ್ದನದ ಅವಳಿ ವೀರರು ಕೋಟಿ ಚೆನ್ನಯರನ್ನು ಕನ್ನಡದ ಗದ್ಯಕ್ಕೆ ತಂದವರೂ ಅವರೇ. ಇವೆಲ್ಲ ದೊಡ್ಡ ಸಂಗತಿಗಳೇ, ಆದರೆ ಇವತ್ತು ಅತ್ತ ಹೊರಳುವುದಿಲ್ಲ.

ನನಗೆ ಮುಖ್ಯ ಅನ್ನಿಸುವುದು ಆ ಇನ್ಸ್‌ಪೆಕ್ಟರಿಕೆ. ಆ ಕಾಲದಲ್ಲಿ ಶಾಲೆಗೆ ಇನ್ಸ್‌ಪೆಕ್ಟರು ಬರುತ್ತಾರೆಂದರೆ ಮಾಸ್ಟ್ರುಗಳ ಎದೆ ನಡುಗುತ್ತಿತ್ತು. ಈ ಇನ್ಸ್‌ಪೆಕ್ಟರು ಮಾತ್ರ ಮಕ್ಕಳ ನಡುವೆ ಕೂತು ಕಥೆ ಹೇಳಿ, ಪದ್ಯ ಹಾಡಿಸುತ್ತಿದ್ದರಂತೆ. ಹೊಳೆ ದಾಟಿ, ಗುಡ್ಡ ಹತ್ತಿ, ಹಳ್ಳಿ ಹಳ್ಳಿಯ ಶಾಲೆ ಸುತ್ತುವ ಕೆಲಸ ಅದು. ಊರಿನ ಗಾಳಿ ಮಳೆ ಇವರಿಗೆ ಸಿಕ್ಕಿದ್ದು ದಾರಿಯಲ್ಲಿ. ಅದನ್ನು ಒಯ್ದು ಇಳಿಸಬೇಕಾದ್ದು ಶಾಲೆಯ ಮಕ್ಕಳ ಬಾಯಿಗೆ, ಹಳಗನ್ನಡದ ಪದ್ಯ ಕಂಠಪಾಠ ಮಾಡಿ ಸುಸ್ತಾದ ಬಾಯಿಗೆ. ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದ್ದು ಆ ಅಗತ್ಯಕ್ಕೇ. ಪದ್ಯಗಳಿಗೆ ಅವರು ಹಾಕಿಕೊಂಡ ಹೆಸರು ‘ಕವಿಶಿಷ್ಯ’.

ಈಗ ‘ನಾಗರಹಾವು’ ಪದ್ಯಕ್ಕೆ ಬನ್ನಿ. “ನಾಗರ ಹಾವೆ! ಹಾವೊಳು ಹೂವೆ!” ಅಂತ ಶುರುವಾಗುವುದು ಎಲ್ಲರಿಗೂ ಗೊತ್ತು. ಹಾವನ್ನು ಹೂವೆನ್ನಲು ಧೈರ್ಯ ಬೇಕು, ಅದು ಹಾಗಿರಲಿ. ಪ್ರತಿ ಚರಣದ ಕೊನೆಯನ್ನು ಗಮನಿಸಿ. ಮೊದಲನೆಯದು ಮುಗಿಯುವುದು “ಬಾ ಬಾ ಬಾ” ಎಂದು. ಕೊನೆಯದು ಮುಗಿಯುವುದು “ಪೋ ಪೋ ಪೋ” ಎಂದು. ನಡುವೆ “ನೀ ನೀ”, “ತಾ ತಾ”. ಆಗತಾನೆ ಅಕ್ಷರ ಕಲಿಯುತ್ತಿರುವ ಮಗುವಿಗೂ ಇಡೀ ತರಗತಿಯ ಜತೆ ಸೇರಿ ಕೂಗಬಹುದಾದ ಒಂದೊಂದೇ ಅಕ್ಷರ. ಇದು ಮಾಸ್ಟ್ರ ಬುದ್ಧಿ. ಆದರೆ ಬಾ ಎಂಬಲ್ಲಿಂದ ಪೋ ಎಂಬಲ್ಲಿಯವರೆಗಿನ ಆ ನಡಿಗೆ ಇದೆಯಲ್ಲ, ಅದು ಕವಿಯ ಬುದ್ಧಿ. ಹೆಡೆ ಚಂದ, ತಲೆಯಲ್ಲಿ ರನ್ನ ಇದೆಯೆಂಬ ಆಸೆ, ಅಷ್ಟರಲ್ಲಿ ಹಗೆಯ ನೆನಪಾಗಿ ಭಯ, ನಮಸ್ಕಾರ ಮಾರಾಯ, ಹೋಗಿ ಬಾ. ನಾಗಬನದ ಕಲ್ಲಿಗೆ ಹಾಲಿನ ತನು ಎರೆಯುವ ಊರಿನಲ್ಲಿ ಹಾವಿನ ಜತೆ ನಮ್ಮ ವ್ಯವಹಾರ ಇರುವುದೇ ಹೀಗೆ. ಪ್ರೀತಿಯೂ ಇಲ್ಲ, ದ್ವೇಷವೂ ಇಲ್ಲ, ಒಂದು ಅಂತರದ ಮರ್ಯಾದೆ. ಈಗಿನ ಪರಿಸರ ಭಾಷಣಗಳಲ್ಲಿ ಈ ಅಂತರವೇ ಕಾಣೆ. ಒಂದೋ ಪ್ರಕೃತಿ ಮಾತೆ, ಇಲ್ಲವೇ ರೆಸಾರ್ಟು.

(ಪದ್ಯದಲ್ಲಿ ಹಾವಿಗೆ ಹಾಲು ಕೊಡುವ ಮಾತು ಬರುತ್ತದೆ. ಹಾವು ಹಾಲು ಕುಡಿಯುವುದಿಲ್ಲ, ಈ ಪದ್ಯ ಅವೈಜ್ಞಾನಿಕ ಎಂದು ಒಬ್ಬರು ನನ್ನ ಹತ್ತಿರ ವಾದಕ್ಕೇ ಬಿದ್ದರು. ಕುಡಿಯುವುದಿಲ್ಲ ನಿಜ, ಮಕ್ಕಳಿಗೆ ಅದನ್ನೂ ಹೇಳಿ. ಆದರೆ ಪದ್ಯದಲ್ಲಿರುವುದು ಹಾವಿನ ಜೀರ್ಣಾಂಗವಲ್ಲ ಸ್ವಾಮೀ, ಮನುಷ್ಯನ ಹೆದರಿಕೆ!)

1911ರಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಪ್ರಾಸ ಬಿಟ್ಟು ಕವಿತೆ ಬರೆದದ್ದನ್ನು ಚರಿತ್ರೆ ದಾಖಲಿಸಿದೆ. ಬಿಡಬೇಕಾದ್ದೇ. ಪ್ರತಿ ಸಾಲಿನ ಎರಡನೇ ಅಕ್ಷರದ ಆ ಹಳೇ ಕಟ್ಟುಪಾಡು ಕವಿಗಳಿಗೆ ಕೋಳವಾಗಿತ್ತು. ಅದೇ ಕಡಲ ತಡಿಯ ಪಂಜೆ ಪ್ರಾಸವನ್ನು ಮಕ್ಕಳ ಕೈಗೆ ಆಟಿಕೆ ಮಾಡಿ ಕೊಟ್ಟರು. ಪೈಗಳ ಬಂಡಾಯ ಸಾಹಿತ್ಯ ಚರಿತ್ರೆಯಲ್ಲಿ ಬರುತ್ತದೆ, ಪಂಜೆಯವರ ಆಟ ಬರುವುದಿಲ್ಲ. ಆಟವನ್ನು ಗಂಭೀರ ಸಾಹಿತ್ಯ ಅಂತ ಒಪ್ಪಿಕೊಳ್ಳುವುದು ನಮ್ಮ ವಿಮರ್ಶಕರಿಗೆ ಮೊದಲಿನಿಂದಲೂ ಕಷ್ಟ.

ಮಡಿಕೇರಿಗೆ ಹೋದ ಮೇಲೆ ಬರೆದ ‘ಹುತ್ತರಿ ಹಾಡು’ ಮಾತ್ರ ಯಾವ ವಿಮರ್ಶಕನ ಹಂಗಿಲ್ಲದೆ ಬದುಕಿದೆ. ಕೊಡಗಿನಲ್ಲಿ ಇವತ್ತಿಗೂ ಅದು ನಾಡಗೀತೆಯ ಹಾಗೆ. “ಎಲ್ಲಿ ಭೂರಮೆ ದೇವಸನ್ನಿಧಿ ಬಯಸಿ ಬಿಮ್ಮನೆ ಬಂದಳೋ” ಎಂಬ ಸಾಲನ್ನು ಬಾಯಿಬಿಟ್ಟು ಹೇಳಿನೋಡಿ, ಮೂರು-ನಾಲ್ಕು ಮೂರು-ನಾಲ್ಕು ಮಾತ್ರೆಗಳ ಆ ನಡೆ ಭಾಮಿನಿ ಷಟ್ಪದಿಯದು, ಯಕ್ಷಗಾನ ಕೇಳಿದ ಯಾವ ಕಿವಿಗೂ ಪರಿಚಿತ. ಮುಂದೆ ಕಾವೇರಿ “ಹೊಳೆ ಹೊಳೆ ಹೊಳೆವಳೋ” ಎನ್ನುವಾಗ ನೀರು ಹರಿಯುತ್ತಲೂ ಇದೆ, ಮಿನುಗುತ್ತಲೂ ಇದೆ. ಕಡಲ ತಡಿಯಿಂದ ಘಟ್ಟ ಹತ್ತಿ ಬಂದ ಪರವೂರ ಹೆಡ್‌ಮಾಸ್ಟ್ರು, ಆಗ ಬೇರೆಯೇ ಪ್ರಾಂತ್ಯವಾಗಿದ್ದ ಕೊಡಗಿನ ಸುಗ್ಗಿ ಹಬ್ಬಕ್ಕೆ ಹಾಡು ಕಟ್ಟಿದರು, ಆ ಊರಿನವರು ಅದನ್ನು ತಮ್ಮದೇ ಮಾಡಿಕೊಂಡರು. ವರ್ಗವಾಗಿ ಬಂದ ಊರಿನಲ್ಲಿ ಮುಂದಿನ ವರ್ಗಾವಣೆಗೆ ದಿನ ಎಣಿಸುವ ನಮ್ಮ ಕಾಲದ ನೌಕರಿಯನ್ನು ನೋಡಿದರೆ ಇದು ಸಣ್ಣ ಮಾತಲ್ಲ.

1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರು. ರಾಯಚೂರು ಆಗ ನಿಜಾಮರದು. ಕೊನೆಯುಸಿರೆಳೆದದ್ದು ಹೈದರಾಬಾದಿನಲ್ಲಿ, 1937ರ ಅಕ್ಟೋಬರ್ 25ರಂದು.

ನನ್ನ ಅಕ್ಕನ ಮಗಳು ಬೆಂಗಳೂರಿನ ಒಂದು ಶಾಲೆಯಲ್ಲಿ ಓದುತ್ತಾಳೆ. ‘ನಾಗರಹಾವು’ ಬರುತ್ತಾ ಅಂತ ಕೇಳಿದೆ. “ಬರುತ್ತೆ ಮಾಮ” ಅಂದವಳು ಒಪ್ಪಿಸಿದ್ದು ಕವಿಯ ಜನನ, ಮರಣ, ಕಾವ್ಯನಾಮ, ಸಮ್ಮೇಳನ. ಪದ್ಯ ಹಾಡು ಅಂದರೆ ಪಿಳಿಪಿಳಿ ನೋಡಿದಳು. ಕ್ಲಾಸಿನಲ್ಲಿ ಹಾಡಿಸಿಯೇ ಇಲ್ಲವಂತೆ, ಪ್ರಶ್ನೋತ್ತರ ಬರೆಸಿದ್ದಾರಂತೆ. ಟೀಚರನ್ನು ಬೈಯುವುದಿಲ್ಲ, ಅವರಿಗೆ ಪೋರ್ಷನ್ ಮುಗಿಸುವ ಗಡಿಬಿಡಿ. ಆದರೆ ಕೂಗಲೆಂದೇ ಬರೆದ ಪದ್ಯವನ್ನು ಬಾಯಿ ಮುಚ್ಚಿಕೊಂಡು ಕಲಿಸುವುದಾದರೆ ಪಠ್ಯದಲ್ಲಿ ಇಡುವುದಾದರೂ ಯಾಕೆ?

ಮಂಗಳೂರು, ಪುತ್ತೂರು, ಮಡಿಕೇರಿ ಕಡೆಯ ಸ್ನೇಹಿತರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯ ಹಿರಿಯರಿಗೆ ಈ ಪದ್ಯಗಳ ಶಾಲೆಯ ಧಾಟಿ ಇನ್ನೂ ನೆನಪಿರಬಹುದು, ಅದರಲ್ಲೂ ‘ತೆಂಕಣ ಗಾಳಿ’ಯದು. ಸಿನಿಮಾ ಶೈಲಿಯ ಹೊಸ ಟ್ಯೂನು ಬೇಡ, ಬೆಂಚಿನ ಮೇಲೆ ಕೂತು ಒಟ್ಟಿಗೆ ಹಾಡಿದ ಆ ಹಳೇ ಧಾಟಿ ಬೇಕು. ಅವರನ್ನು ಕೂರಿಸಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕಳಿಸಿ. ಶ್ರುತಿ ತಪ್ಪಿದರೂ ಪರವಾಗಿಲ್ಲ, ನಡುವೆ ಕೆಮ್ಮಿದರೂ ಪರವಾಗಿಲ್ಲ.